ಕೊನೆಯ ರೀಲು ನಾನು ನೋಡಿರಲಿಲ್ಲ

ಅಕ್ಕ, ಆ ಟೋಪಿ ಅಂಗಡಿಯ ಸಿನಿಮಾದ ಕೊನೆಯನ್ನು ನಾನು ನೋಡಿರಲಿಲ್ಲ. ನಿನಗೆ ಹೇಳಿದ್ದು ನಾನೇ ಕಟ್ಟಿದ ಸುಳ್ಳು. ಆ ಸುಳ್ಳನ್ನು ನಂಬಿಕೊಂಡು ನೀನು ಮಾರನೆಯ ದಿನ ನಂಜಪ್ಪ ಭಾವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆ.

ಇಷ್ಟು ಬರೆಯುವುದಕ್ಕೆ ನನ್ನ ತಲೆ ಪೂರಾ ಬೆಳ್ಳಗಾಗಬೇಕಾಯಿತು. ಎದುರಿಗೆ ಕೂತು ಹೇಳಬಹುದಿತ್ತು — ನೀನು ಅಡುಗೆಮನೆಯಲ್ಲೇ ಇದ್ದೀಯ, ಒಗ್ಗರಣೆಯ ಸದ್ದು ಇಲ್ಲಿಗೆ ಕೇಳುತ್ತಿದೆ. ಆದರೆ ನಿನ್ನ ಮುಖ ನೋಡಿದ ಕೂಡಲೇ ನಾನು ಕಥೆ ಹೇಳುವವನಾಗಿಬಿಡುತ್ತೇನೆ. ನಿನಗೆ ಎಲ್ಲಿ ಕಣ್ಣು ತುಂಬುತ್ತದೆ, ಎಲ್ಲಿ ನಗು ಬರುತ್ತದೆ ಎಂದು ನೋಡಿಕೊಂಡು ಅದಕ್ಕೆ ತಕ್ಕಂತೆ ಉಪ್ಪು ಖಾರ ಹಚ್ಚುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಗೊತ್ತಿರುವುದರ ಪಕ್ಕದಲ್ಲೇ ಗೊತ್ತಿಲ್ಲದ್ದನ್ನೂ ಇಡಬೇಕಾಗಿದೆ.

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ನಾನು ಚಾಮರಾಜನಗರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು, ಹೊಸ ಮೀಸೆ, ಹೊಸ ಕೋಟು, ತಲೆಯ ತುಂಬ ಇಂಗ್ಲಿಷ್ ಸಿನಿಮಾ. ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ತಡ, ಕೋಟಿನ ಮೇಲಿನ ಸೀಮೆಸುಣ್ಣ ಒರೆಸಿಕೊಂಡು ಸ್ಟೇಷನ್ನಿಗೆ ಓಡುತ್ತಿದ್ದೆ. ಮೈಸೂರಿನ ಟಾಕೀಸಿನ ಕತ್ತಲಲ್ಲಿ ಕೂತು ಆ ದೊರೆಸಾನಿಯರ ಮುಖ ಪರದೆಯ ತುಂಬ ಬೆಳಗಿತೆಂದರೆ ನನಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ. ಅವರ ಮಾತು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಅಂದಾಜು. ಆದರೂ ಅವರು ಒಂದು ಕೈಗವಸು ಕಳಚುವ ರೀತಿ, ಬಾಗಿಲಲ್ಲಿ ನಿಂತು ತಿರುಗಿ ನೋಡುವ ರೀತಿ — ಅದಕ್ಕೆ ಭಾಷೆ ಯಾಕೆ ಬೇಕು? ನಾನು ಅವನ್ನು ಪ್ರೀತಿಸಿದ್ದು ನಿಜ ಅಕ್ಕ. ಅದೊಂದನ್ನು ಸುಳ್ಳೆಂದುಕೊಳ್ಳಬೇಡ.

ಒಂದೇ ತೊಡಕು. ನಮ್ಮೂರಿಗೆ ಬರುವ ಕಡೆಯ ರೈಲು ಸಂಜೆಗೇ ಹೊರಟುಬಿಡುತ್ತಿತ್ತು. ಮ್ಯಾಟಿನಿ ಮುಗಿಯುವ ಹೊತ್ತಿಗೆ ಅದು ನಂಜನಗೂಡಿನ ಹೊಳೆ ದಾಟಿರುತ್ತಿತ್ತು. ಉಳಿದುಕೊಳ್ಳೋಣವೆಂದರೆ ಮೈಸೂರಿನಲ್ಲಿ ನಮಗೆ ನೆಂಟರಿಲ್ಲ, ರಾತ್ರಿ ಮನೆಗೆ ಬಾರದ ಮಗ ಇದ್ದರೇನು ಬಿಟ್ಟರೇನು ಎನ್ನುವವರು ನಮ್ಮಪ್ಪ. ಹಾಗಾಗಿ ನಾಯಕ ನಾಯಕಿಯರು ಕಡೆಯ ಸಲ ಎದುರುಬದುರಾಗುವ ಹೊತ್ತಿಗೆ ಸರಿಯಾಗಿ ನಾನು ಎದ್ದು, ಸಾಲಿನವರ ಕಾಲು ತುಳಿದು, ‘ಕೂತ್ಕೊಳ್ರೀ’ ಎಂದು ಬೈಸಿಕೊಂಡು ಹೊರಗೆ ಓಡುತ್ತಿದ್ದೆ. ಮೂರು ನಾಲ್ಕು ವರ್ಷ ಇಂಗ್ಲಿಷ್ ಸಿನಿಮಾ ನೋಡಿದ ನಾನು ಒಂದರ ಕೊನೆಯನ್ನೂ ನೋಡಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆಂಬ ಅಂಜಿಕೆ.

ಆ ಅಂಜಿಕೆಯಲ್ಲಿದ್ದವನು ಮೈಸೂರಿನ ಒಂದು ವಾರಪತ್ರಿಕೆಗೆ ಚಿತ್ರವಿಮರ್ಶೆ ಬರೆಯತೊಡಗಿದೆ, ನೋಡು ನನ್ನ ಧೈರ್ಯ! ‘ಅಂತ್ಯವನ್ನು ಓದುಗರು ಪರದೆಯ ಮೇಲೆಯೇ ಕಂಡು ಆನಂದಿಸಲಿ’ ಎಂದು ಪ್ರತಿ ಸಲ ಮುಗಿಸುತ್ತಿದ್ದೆ. ಸಂಪಾದಕರು ಅದನ್ನು ನನ್ನ ಸಂಯಮ ಎಂದು ಹೊಗಳಿದರು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿಸಿದರು. ಅಂಗಡಿಬೀದಿಯಲ್ಲಿ ನಾನು ‘ಇಂಗ್ಲಿಷ್ ಫಿಲಂ ಮೇಷ್ಟ್ರು’ ಆದೆ. ನನ್ನ ನಡಿಗೆಯೇ ಬದಲಾಗಿತ್ತು ಎಂದು ನೀನೇ ಎಷ್ಟು ಸಲ ಹಾಸ್ಯ ಮಾಡಿಲ್ಲ.

ಓದುಗರಿಗೆ ಕೊನೆ ಹೇಳದೆ ತಪ್ಪಿಸಿಕೊಳ್ಳಬಹುದಿತ್ತು. ನಿನಗೆ ಹೇಳದೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ನೀನು ಗುಂಡ್ಲುಪೇಟೆಯಿಂದ ಬಂದು ಆಗಲೇ ತಿಂಗಳುಗಳಾಗಿದ್ದವು. ನಿಮ್ಮತ್ತೆ ನಿನ್ನನ್ನು ಬಂಜೆ ಎಂದು ನೆಂಟರ ನಡುವೆ ಅಂದಿದ್ದರು. ಭಾವ ಅಲ್ಲೇ ಕೂತಿದ್ದವರು, ಬಾಯಿ ತೆಗೆಯಲಿಲ್ಲ. ಅತ್ತೆಯ ಮಾತನ್ನು ನೀನು ನುಂಗಿಕೊಳ್ಳುತ್ತಿದ್ದೆಯೇನೋ, ಗಂಡನ ಆ ಮೌನವನ್ನು ನುಂಗಲಾಗಲಿಲ್ಲ. ಸೀದಾ ಬಸ್ಸು ಹತ್ತಿ ಬಂದುಬಿಟ್ಟೆ. ಗಂಡನನ್ನು ಬಿಟ್ಟು ಬಂದವಳು ಸಿನಿಮಾಕ್ಕೆ ಹೋದಳೆಂದರೆ ಊರು ಸುಮ್ಮನಿರುತ್ತದೆಯೇ? ಹಾಗಾಗಿ ನಾನು ನೋಡಿ ಬಂದು ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ನಿನಗೆ ಹೇಳುತ್ತಿದ್ದೆ. ನೀನು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆ. ಕಥೆ ಬಿಗಿಯಾದಾಗ ನಿನ್ನ ಬೆರಳು ನಿಂತುಬಿಡುತ್ತಿತ್ತು. ಆ ಬೆರಳನ್ನು ನಿಲ್ಲಿಸುವುದೇ ನನ್ನ ಇಡೀ ವಾರದ ಸುಖ. ಇನ್ನೊಂದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ: ನೀನು ಆಗ ಆಡುತ್ತಿದ್ದ ಮಾತುಗಳನ್ನು ಒಂದಿಷ್ಟು ತಿದ್ದಿ ನನ್ನ ಹೆಸರಿನಲ್ಲಿ ಪತ್ರಿಕೆಗೆ ಕಳಿಸುತ್ತಿದ್ದೆ. ಜನ ಮೆಚ್ಚಿದ ಸಾಲುಗಳೆಲ್ಲ ನಿನ್ನವೇ.

ಕೊನೆಗಳು ಮಾತ್ರ ನನ್ನವು. ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿಕೊಂಡು ಕಟ್ಟಿದವು. ನಿನಗೆ ಖುಷಿಯಾಗುವಂತೆ ಎಲ್ಲರನ್ನೂ ಒಂದುಗೂಡಿಸುತ್ತಿದ್ದೆ, ಸತ್ತವರನ್ನೂ ಬದುಕಿಸುತ್ತಿದ್ದೆ. ಅದರಿಂದ ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ.

ಆ ಶನಿವಾರ ನೋಡಿದ್ದು ಟೋಪಿ ಅಂಗಡಿಯ ಕಥೆ. ಸಮುದ್ರದ ದಡದ ಊರು. ಪಿಯಾನೋ ರಿಪೇರಿ ಮಾಡುವ ಒಬ್ಬ ಸಾಧು ಮನುಷ್ಯ, ತಾಯಿಯೆದುರು ತಲೆ ಎತ್ತದವನು. ಹೆಂಡತಿ ಸೋತು ಮನೆ ಬಿಟ್ಟು ಹೋಗಿ ಟೋಪಿ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಹೇಳುವಾಗಲೇ ನನಗೆ ಗೊತ್ತಾಯಿತು, ಇದು ಬೇರೆ ಯಾರ ಕಥೆಯೂ ಅಲ್ಲವೆಂದು. ನೀನು ಅವನಿಗೆ ‘ಅವ್ವನ ಮಗ’ ಎಂದು ಹೆಸರಿಟ್ಟು ನಗಿಸಿದೆ. ಆಮೇಲೆ ನಗಲಿಲ್ಲ. ಅವನು ಮಳೆಯಲ್ಲಿ ಅಂಗಡಿಯ ಗಾಜಿನ ಬಾಗಿಲಿನ ಆಚೆ ಬಂದು ನಿಂತ. ಅವಳು ಈಚೆ. ಅವಳ ಕೈ ಚಿಲಕದ ಮೇಲಿತ್ತು —

ಅಷ್ಟಕ್ಕೆ ನಾನು ಎದ್ದು ಬಂದಿದ್ದೆ.

ಭಾವ ಸೋಮವಾರ ನಿನ್ನನ್ನು ಕರೆಯಲು ಬರುತ್ತಾರೆಂದು ಹೇಳಿಕಳಿಸಿದ್ದರು. ಅವ್ವ ಹೋಗು ಎಂದು ಜೀವ ತಿನ್ನುತ್ತಿದ್ದಳು. ನೀನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊರ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದೆ.

‘ಆಮ್ಯಾಕೆ? ಬಾಗ್ಲು ತಗುದ್ಲಾ, ಇಲ್ವಾ?’

ಆ ಪ್ರಶ್ನೆ ಯಾರ ಬಗ್ಗೆ ಎಂದು ನನಗೆ ತಿಳಿದಿತ್ತು ಅಕ್ಕ. ತಿಳಿಯಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳು. ‘ನನಗೆ ಗೊತ್ತಿಲ್ಲ, ರೈಲಿಗೆ ಹೊತ್ತಾಗಿತ್ತು’ — ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದರೆ ಇಂಗ್ಲಿಷ್ ಫಿಲಂ ಮೇಷ್ಟ್ರ ಮರ್ಯಾದೆ ಪಡಸಾಲೆಯಲ್ಲೇ ಹೋಗುತ್ತಿತ್ತು. ಅದೊಂದೇ ಆಗಿದ್ದರೆ ಹೇಗೋ ಕ್ಷಮಿಸಬಹುದಿತ್ತೇನೋ. ಎಲ್ಲ ಕಥೆಗಳಲ್ಲೂ ಜೋಡಿಗಳನ್ನು ಕೂಡಿಸುತ್ತಿದ್ದವನು ಅವತ್ತು ಯಾಕೆ ಕೂಡಿಸಲಿಲ್ಲ? ನೀನು ಹೋಗಿಬಿಟ್ಟರೆ ಭಾನುವಾರ ನಾನು ಯಾರಿಗೆ ಕಥೆ ಹೇಳಲಿ ಎಂದು. ನಿನ್ನ ಸಂಸಾರದ ಎದುರು ನನ್ನ ಭಾನುವಾರವನ್ನು ಇಟ್ಟು ತೂಗಿದೆ. ನನ್ನ ಭಾನುವಾರವೇ ಹೆಚ್ಚೆನಿಸಿತು.

‘ತಗೀಲಿಲ್ಲ ಕಣಕ್ಕ,’ ಅಂದೆ. ‘ಚಿಲಕದ ಮ್ಯಾಲಿಂದ ಕೈ ತಗುದು ಒಳಿಕ್ಕೆ ಒಂಟೋದ್ಲು. ಅವ್ನು ಮಳೇಲೇ ನಿಂತಿದ್ದ.’

 ನೀನು ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡೆ.

‘ಸರ್ಯಾಗೇ ಮಾಡುದ್ಲು ಬುಡು,’ ಅಂದೆ.

ಸೋಮವಾರ ಭಾವ ಬಂದರು. ಒಂದು ಗೊನೆ ಬಾಳೆಹಣ್ಣು ತಂದಿದ್ದರು. ಒಳಗೆ ಬನ್ನಿ ಎಂದು ಅಪ್ಪ ಕರೆದರೂ ಜಗಲಿ ದಾಟಲಿಲ್ಲ. ನೀನು ಬಾಗಿಲ ಹಿಂದೆ ಇದ್ದೆ. ಭಾವ ಅಷ್ಟು ಮಾತಾಡಿದ್ದನ್ನು ನನ್ನ ಜನ್ಮದಲ್ಲೇ ನಾನು ಕೇಳಿರಲಿಲ್ಲ.

‘ಬ್ಯಾರೆ ಮನೆ ಮಾಡಿವ್ನಿ ಗೌರಿ. ಸುಣ್ಣನೂ ಒಡ್ಸಿವ್ನಿ. ಅವ್ವ ಅಲ್ಗೆ ಬರಕಿಲ್ಲ. ಅವತ್ತು ನಾನು ಮಾತಾಡ್ಬೇಕಾಗಿತ್ತು, ಆಡ್ಲಿಲ್ಲ. ತಪ್ಪಾಯ್ತು.’

ಒಳಗಿನಿಂದ ನಿನ್ನ ದನಿ ಬಂತು. ‘ನಾ ಬರಕಿಲ್ಲ. ಓಗಿ.’

ಬಸ್ಸಿನವರೆಗೆ ಕಳಿಸಿಕೊಡಲು ನಾನು ಜೊತೆಗೆ ಹೋದೆ. ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ನಿಂತಿತ್ತು. ಹತ್ತುವ ಮುಂಚೆ ಅವರು ನನ್ನ ತೋಳು ಹಿಡಿದುಕೊಂಡರು. ‘ಇನ್ನೊಂದ್ ಕಿತ ಬಂದು ಕೇಳ್ಲಾ ಮಾದೇವಪ್ಪ? ನೀನು ಓದ್ದೋನು, ಯೋಳು.’

ಆಗಲಾದರೂ ಬಾಯಿ ಬಿಡಬಹುದಿತ್ತು. ‘ಅಕ್ಕನ ಮನ್ಸು ಗಟ್ಯಾಗದೆ ಭಾವ, ಬ್ಯಾಡಿ,’ ಅಂದೆ. ಅವರು ತಲೆಯಾಡಿಸಿ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ. ನೀನು ಮುಂದೆ ಎಷ್ಟೋ ತಿಂಗಳು ಗುಂಡ್ಲುಪೇಟೆಯ ಬಸ್ಸು ಬರುವ ಹೊತ್ತಿಗೆ ಜಗಲಿಗೆ ಬಂದು ನಿಲ್ಲುತ್ತಿದ್ದೆ. ಗಾಳಿಗೆ ಬಂದೆ ಎಂದು ನೀನು ಹೇಳುತ್ತಿದ್ದೆ. ನಾನು ಹೂಂ ಎನ್ನುತ್ತಿದ್ದೆ.

ವರ್ಷಗಳ ಮೇಲೆ ಅದೇ ಸಿನಿಮಾ ಮೈಸೂರಿಗೆ ಭಾನುವಾರದ ಬೆಳಗಿನ ಆಟಕ್ಕೆ ಮತ್ತೆ ಬಂತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ನನ್ನ ಮಕ್ಕಳನ್ನು ನೀನು ಸೊಂಟದ ಮೇಲಿಟ್ಟುಕೊಂಡು ಬೆಳೆಸುತ್ತಿದ್ದೆ. ಹೋಗಿ ಕೂತೆ. ಗಾಜಿನ ಬಾಗಿಲು ಬಂತು, ಮಳೆ ಬಂತು, ಅವಳ ಕೈ ಚಿಲಕದ ಮೇಲೆ ಬಂತು. ತೆಗೆಯಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ ಅಕ್ಕ — ನನ್ನ ಸುಳ್ಳು ನಿಜವಾಗಿಬಿಡಲಿ ಎಂದು.

ಅವಳು ತೆಗೆದಳು. ಅವನ ಒದ್ದೆ ಟೋಪಿ ಕಸಿದುಕೊಂಡು ನೀರು ಒದರಿದಳು, ಚೆನ್ನಾಗಿ ಬೈದಳು, ಅಳುತ್ತಾ ನಕ್ಕಳು. ಅಷ್ಟೇ. ಅಲ್ಲಿಗೆ ಮುಗಿಯಿತು.

ಜನರೆಲ್ಲ ಹೋದ ಮೇಲೂ ನಾನು ಕೂತೇ ಇದ್ದೆ. ಕಸ ಗುಡಿಸುವವಳು ಬಂದು ಎಬ್ಬಿಸಿದಳು. ಮನೆಗೆ ಬಂದಾಗ ಯಾವ ಫಿಲಂ ಎಂದು ನೀನು ಕೇಳಿದೆ. ಟಿಕೆಟ್ಟು ಸಿಗಲಿಲ್ಲ ಅಂದೆ. ವಿಮರ್ಶೆ ಬರೆಯುವುದನ್ನು ಅವತ್ತೇ ಬಿಟ್ಟೆ, ನಿಜ. ಅದು ಪ್ರಾಯಶ್ಚಿತ್ತವಲ್ಲ. ಬರೆಯಲು ಕೈ ಬರಲಿಲ್ಲ, ಅಷ್ಟೇ. ಭಾವ ಆಗ ಬದುಕಿದ್ದರು. ಗುಂಡ್ಲುಪೇಟೆಗೆ ಬಸ್ಸುಗಳಿದ್ದವು. ನನಗೆ ಧೈರ್ಯವಿರಲಿಲ್ಲ.

ನೀನು ಹೇಗಿದ್ದರೂ ಬೇಡವೆನ್ನುತ್ತಿದ್ದೆ, ಸಿನಿಮಾದ ಮಾತು ಕೇಳಿ ಸಂಸಾರ ಬಿಡುವಷ್ಟು ದಡ್ಡಿಯಲ್ಲ ನೀನು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಸಮಾಧಾನವನ್ನು ಇಲ್ಲಿಗೆ ಬಿಟ್ಟೆ. ನೀನು ಕೇಳಿದೆ, ನಾನು ಸುಳ್ಳು ಹೇಳಿದೆ.

ಹೋದ ತಿಂಗಳು ಭಾವ ತೀರಿಕೊಂಡ ಸುದ್ದಿ ಬಂದಾಗ ನೀನು ಅಳಲಿಲ್ಲ. ಸ್ನಾನ ಮಾಡಿ ಬಂದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದು ಕೇಳಿದೆ: ‘ಅವ್ರು ಅವತ್ತೊಂದು ಮನೆ ಮಾಡಿವ್ನಿ ಅಂದ್ರಲ್ಲ ಮಾದೇವ, ಅದುಕ್ಕೆ ಇತ್ಲು ಇತ್ತಾ? ಅವರವ್ವನ ಮನೇಲಿ ಇತ್ಲೇ ಇರ್ಲಿಲ್ಲ ಕಣ. ಅಳಾಕೂ ಜಾಗ ಇರ್ಲಿಲ್ಲ.’

ಅದು ನಿನ್ನೊಳಗೆ ಇಷ್ಟು ವರ್ಷ ಇತ್ತೇ, ಅಕ್ಕ?

ನಿನ್ನೆ ಶಾಲೆಯ ಪೆನ್ಷನ್ ಕೆಲಸವೆಂದು ಹೇಳಿ ಹೋದೆನಲ್ಲ, ಹೋದದ್ದು ಗುಂಡ್ಲುಪೇಟೆಗೆ. ಕೇಳಿಕೊಂಡು ಆ ಮನೆ ಹುಡುಕಿದೆ. ಭಾವ ಊಟಕ್ಕೆ ತಾಯಿಯ ಮನೆಗೆ ಹೋಗುತ್ತಿದ್ದರಂತೆ. ತಾಯಿ ಹೋದ ಮೇಲೆ ತಾವೇ ಬೇಯಿಸಿಕೊಳ್ಳುತ್ತಿದ್ದರಂತೆ. ಮಲಗುತ್ತಿದ್ದದ್ದು ಕೊನೆಯವರೆಗೂ ಆ ಮನೆಯಲ್ಲೇ. ಪಕ್ಕದ ಮನೆಯ ಹೆಂಗಸು ಬೀಗ ತೆಗೆದು ತೋರಿಸಿದಳು. ಒಂದು ಕೋಣೆ, ಒಂದು ಅಡುಗೆಮನೆ. ಹಿಂದಿನ ಬಾಗಿಲು ತೆಗೆದರೆ ಹಿತ್ತಲು. ಇದೆ ಅಕ್ಕ, ದೊಡ್ಡದೇ ಇದೆ. ಒಂದು ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು, ಆಚೆಯವರಿಗೆ ಕಾಣದ ಹಾಗೆ ಎತ್ತರದ ಗೋಡೆ. ಇಷ್ಟೂ ಕಣ್ಣಾರೆ ಕಂಡದ್ದು, ಒಂದು ಮಾತೂ ಸೇರಿಸಿಲ್ಲ.

ಸಂಸಾರ ಇರಲಿಲ್ಲವೇ ಅವರಿಗೆ ಎಂದು ಆ ಹೆಂಗಸನ್ನು ಏನೂ ಅರಿಯದವನಂತೆ ಕೇಳಿದೆ. ‘ನಮ್ಮನೆವ್ಳು ತವರ್ಗೋಗವ್ಳೆ ಅನ್ನೋರು,’ ಅಂದಳು. ‘ಅದ್ಬುಟ್ರೆ ಬ್ಯಾರೆ ಮಾತಿಲ್ಲ.’

ಇದನ್ನು ಓದಿದ ಮೇಲೆ ನನ್ನನ್ನು ಏನು ಬೇಕಾದರೂ ಅನ್ನು. ಏನೂ ಅನ್ನದೆ ಇರಬೇಕೆನಿಸಿದರೆ ಹಾಗೇ ಇರು, ನಾನು ತಡೆದುಕೊಳ್ಳುತ್ತೇನೆ. ಆ ಮನೆ ನೋಡಬೇಕೆನಿಸಿದರೆ ಕರೆದುಕೊಂಡು ಹೋಗುತ್ತೇನೆ. ನನ್ನ ಜೊತೆ ಬರಲು ಮನಸ್ಸಿಲ್ಲದಿದ್ದರೆ ಒಬ್ಬಳೇ ಹೋಗು. ಪಕ್ಕದ ಮನೆಯವಳಿಗೆ ಹೊರಡುವ ಮುಂಚೆ ನಾನು ಯಾರು, ಏನು ಮಾಡಿದೆ ಎಂದು ಹೇಳಿದ್ದೇನೆ. ತವರಿಗೆ ಹೋದವಳು ನನ್ನಕ್ಕನೇ, ಅವಳು ಬಂದರೆ ಬೀಗದ ಕೈ ಕೊಡಿ ಎಂದೂ ಹೇಳಿ ಬಂದಿದ್ದೇನೆ.