ಅಜ್ಜನ ಜೋಡುನಳಿಗೆ

ಆಗೆಲ್ಲ ಜೆಪ್ಪುವಿನ ನಮ್ಮ ಮನೆಯಲ್ಲಿ ಆದಿತ್ಯವಾರಕ್ಕೆ ಎರಡು ವಾಸನೆ. ಒಳಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಕುದಿಯುವ ವಾಸನೆ, ಹೊರಗೆ ಚಾವಡಿಯಲ್ಲಿ ಅಜ್ಜ ಕೋವಿಗೆ ಹಚ್ಚುವ ಎಣ್ಣೆಯ ವಾಸನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಗದ್ದೆಗಳೆಲ್ಲ ಭೂಮಸೂದೆಯಲ್ಲಿ ಒಕ್ಕಲುಗಳ ಪಾಲಾಗಿ, ನಾವು ಪೇಟೆಗೆ ಬಂದು ಕೆಲವು ವರ್ಷಗಳಾಗಿದ್ದವು. ಅಜ್ಜನೆಂದರೆ ನನ್ನ ಅಮ್ಮನ ಸೋದರಮಾವ, ಮನೆಯ ಯಜಮಾನರು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿನಿಂದ ಅವರು ಜೋಪಾನವಾಗಿ ತಂದದ್ದು ನಾಲ್ಕು ಕೋವಿಗಳನ್ನು. ಹಿರಿಯರ ಕಾಲದ ಒಂದು ಕೇಪಿನ ಕೋವಿ, ಎರಡು ಒಂಟಿನಳಿಗೆ, ಮತ್ತೆ ಅವರ ಪ್ರಾಣವೇ ಆಗಿದ್ದ ಜೋಡುನಳಿಗೆ.

ಹಂದಿ ಓಡಿಸಲು ಗದ್ದೆಯೇ ಇಲ್ಲದ ಮೇಲೆ ಇವೆಲ್ಲ ಯಾಕೆ ಎಂದು ಮನೆಗೆ ಬಂದವರು ಕೇಳುತ್ತಿದ್ದರು. ಅಜ್ಜ ನಕ್ಕು ಎಲೆಯಡಿಕೆ ತಟ್ಟೆ ಮುಂದೆ ಮಾಡುತ್ತಿದ್ದರು. ಅವರಿಗೆ ಗುಂಡು ಹಾರಿಸುವ ಆಸೆ ಇರಲಿಲ್ಲ. ಮರದ ಹಿಡಿಯ ನುಣುಪು, ಕೀಲು ತೆರೆದಾಗ ಬರುವ ಆ ಚಿಕ್ಕ ಸದ್ದು, ಇಷ್ಟು ಸಾಕಿತ್ತು. ನದಿ ಕಡೆಯ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ ಎಂದು ವಾರಕ್ಕೊಮ್ಮೆ ಎಲ್ಲವನ್ನೂ ಇಳಿಸಿ ಒರೆಸುತ್ತಿದ್ದರು. ನನಗಾಗ ಹತ್ತು ವರ್ಷ. ಹಳೆ ಪಂಚೆಯ ಚಿಂದಿ ಹರಿದು ಕೊಡುವುದು, ಬೆಳಕಿಗೆ ಹಿಡಿದ ಖಾಲಿ ನಳಿಗೆಯೊಳಗೆ ಇಣುಕಿ ನೋಡುವುದು ನನ್ನ ಕೆಲಸ.

"ಎಂತ ಕಾಣ್ತದೆ ಬಾಲೆ?"

"ಬೆಳಕು, ಅಜ್ಜ. ಮತ್ತೆಂತದ್ದೂ ಇಲ್ಲ."

"ಆ ಇನ್ನೊಂದು ನೋಡು. ನಾನು ನೋಡಿದ್ದೇನೆ, ಆದ್ರೂ ನೀನು ನೋಡ್ಬೇಕು."

ಕೋವಿಗಳು ಹಲಸಿನ ಮರದ ಕಪಾಟಿನಲ್ಲಿ, ಸರಪಳಿ ಹಾಕಿ ಬೀಗ. ಗುಂಡು ತುಂಬಿದ ತೋಟೆಗಳು ಇನ್ನೊಂದು ಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಬೀಗದ ಕೈಗಳು ಅಜ್ಜನ ಸೊಂಟದಲ್ಲಿ. ಅಷ್ಟಮಿಗೆ ನಾವು ಮಕ್ಕಳು ಬಿದಿರಿನ ಪೆಟ್ಲಕ್ಕೆ ಹಸಿ ಕಾಯಿ ತುಂಬಿ ಹೊಡೆದಾಡುವಾಗ, ಮನುಷ್ಯರ ಕಡೆ ಅದನ್ನೂ ತಿರುಗಿಸಬಾರದೆಂದು ಚಾವಡಿಯಿಂದಲೇ ಗದರಿಸುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಅವರ ಕೈ ಸ್ವಲ್ಪ ನಡುಗುತ್ತಿತ್ತು, ಒಮ್ಮೊಮ್ಮೆ ಯಾರದೋ ಹೆಸರು ನಾಲಗೆಗೆ ಬರುತ್ತಿರಲಿಲ್ಲ. ಕೋವಿಗಳನ್ನು ಕೊಟ್ಟುಬಿಡಿ ಎಂದು ಅಮ್ಮ ಹೇಳಿದಾಗ, "ಕೊಡ್ತೇನೆ ಮಗಾ. ನನ್ನಿಂದ ಆಗುವುದಿಲ್ಲ ಅಂತ ನನಗೆ ಗೊತ್ತಾಗ್ತದೆ. ಆ ದಿನ ನಾನೇ ಕೊಡ್ತೇನೆ" ಎಂದಿದ್ದರು.

ಆ ದಿನ ಬರಲು ಜಯರಾಮ ಮಾವ ಬಿಡಲಿಲ್ಲ. ಮಾವ ಅಮ್ಮನ ತಮ್ಮ, ಅಳಿಯಸಂತಾನದ ಮನೆಯಾದ್ದರಿಂದ ಅಜ್ಜನ ನಂತರ ಯಜಮಾನಿಕೆ ಅವರಿಗೇ. ಕಂಕನಾಡಿಯ ಹೋಟೆಲೊಂದರಲ್ಲಿ ಪಾಲುದಾರರು. ಅಂಗಿಯ ಇಸ್ತ್ರಿ ಮುರಿಯದಂತೆ ಕೂರುವ ಮನುಷ್ಯ.

ಆ ವರ್ಷದ ನವರಾತ್ರಿ. ಆಯುಧಪೂಜೆಗೆ ಮನೆ ತುಂಬ ನೆಂಟರು, ಅಡುಗೆಮನೆಯಲ್ಲಿ ಗೋಳಿಬಜೆ ಕರಿಯುತ್ತಿದ್ದರು. ಚಾವಡಿಯಲ್ಲಿ ಕೆಂಪು ಶಾಲು ಹಾಸಿ ಅಜ್ಜ ಒಂದೊಂದೇ ಕೋವಿ ತೆರೆದು ನೋಡಿ ಇಡುತ್ತಿದ್ದರು. ಜೋಡುನಳಿಗೆಯ ಕೀಲು ತೆರೆದವರು ಹಾಗೇ ನಿಂತುಬಿಟ್ಟರು. ಬಲಗಡೆಯ ನಳಿಗೆಯಲ್ಲಿ ಒಂದು ತೋಟೆ ಕೂತಿತ್ತು.

ಮೊದಲು ಬಾಯಿ ತೆರೆದದ್ದು ಮಾವ. "ಎಂತ ಮಾವ ಇದು? ಇಷ್ಟು ಮಕ್ಕಳಿರುವ ಮನೆ! ನಿಮಗೆ ನೆನಪು ಉಂಟಾ ಇಲ್ವಾ?"

"ನಾನು ಹಾಕ್ಲಿಲ್ಲ ಮಾರಾಯ," ಎಂದರು ಅಜ್ಜ. ಮತ್ತೆ ಸ್ವರ ಇಳಿಸಿ, "ಹಾಕಿದ್ನಾ?" ಎಂದು ನನ್ನ ಕಡೆ ನೋಡಿದರು.

"ಇಲ್ಲ ಅಜ್ಜ! ಆದಿತ್ಯವಾರ ಎರಡೂ ಖಾಲಿ ಇತ್ತು. ನಾನು ನೋಡಿದ್ದೇನೆ," ಎಂದು ಕೂಗಿದೆ.

"ದೊಡ್ಡವರ ಮಧ್ಯೆ ನಿಂದೆಂತದ್ದು? ಒಳಗೆ ಹೋಗು," ಎಂದು ಅಮ್ಮ ರಟ್ಟೆ ಹಿಡಿದು ಎಳೆದಳು.

ತೋಟೆ ಸಿಕ್ಕಿದ್ದೇ ಅಜ್ಜ ತೆರೆದು ನೋಡಿದ್ದರಿಂದ. ಅಷ್ಟು ನೆಂಟರಲ್ಲಿ ಒಬ್ಬರ ತಲೆಗೂ ಅದು ಹೋಗಲಿಲ್ಲ. ಪಾಪ, ಅರಳುಮರಳು ಎಂದು ಗೋಳಿಬಜೆ ತಿನ್ನುತ್ತ ಮಾತಾಡಿಕೊಂಡರು. ಪೂಜೆ ಮುಗಿದ ಮೇಲೆ ಅಜ್ಜ ಸೊಂಟದಿಂದ ಬೀಗದ ಕೈ ಬಿಚ್ಚಿ ಮಾವನ ಅಂಗೈಯಲ್ಲಿಟ್ಟರು. ಮಾವ ಬೇಡ ಎನ್ನಲಿಲ್ಲ. ಕೆಲವು ತಿಂಗಳಲ್ಲಿ ಮೂರು ಕೋವಿಗಳು ಅಂಗಡಿಗೆ ಮಾರಾಟವಾದವು. ಜೋಡುನಳಿಗೆ ಮಾವನ ಹೆಸರಿಗಾಯಿತು.

ಅಲ್ಲಿಂದ ಮುಂದೆ ನಾನು ಕಂಡ ಅಜ್ಜ ಬೇರೆಯೇ. ಮೀನಿನ ಮಾರ್ಕೆಟ್ಟಿಗೆ ನನ್ನ ಕೈ ಹಿಡಿದು ಹೋಗುತ್ತಿದ್ದವರು ದಾರಿ ತಪ್ಪಿದರೆ ಎಂದು ಹೆದರಿ ಗೇಟು ದಾಟುವುದನ್ನೇ ಬಿಟ್ಟರು. ಉಂಡೆದ್ದ ಮೇಲೆ ಔಷಧಿ ತೆಗೆದುಕೊಂಡೆನೇ ಎಂದು ಎಲ್ಲರನ್ನೂ ಕೇಳುತ್ತಿದ್ದರು. ತೆಗೆದುಕೊಂಡಿರುತ್ತಿದ್ದರು. ಆದಿತ್ಯವಾರ ಚಾವಡಿಯಲ್ಲಿ ಸುಮ್ಮನೆ ಕೂರುವ ಅವರ ಹತ್ತಿರ ಹೋಗಿ, ನಾವು ನೋಡಿದ್ದೇವೆ ಅಜ್ಜ, ಖಾಲಿಯೇ ಇತ್ತು ಎಂದು ನಾನು ಎಷ್ಟೋ ಸಲ ಹೇಳಿದೆ. "ನೀನು ಸಣ್ಣವಳು, ನನ್ನ ಮೇಲೆ ಪ್ರೀತಿ ನಿನಗೆ," ಎಂದು ತಲೆ ಸವರುತ್ತಿದ್ದರು. ಮೂರನೆಯ ಮಳೆಗಾಲಕ್ಕೆ ತೀರಿಕೊಂಡರು.

ಮೊನ್ನೆ ಕೊಟ್ಟಾರದ ಹಾಲ್ ಒಂದರಲ್ಲಿ ಮದುವೆ ಊಟ. ನನ್ನ ಎದುರಿನ ಸಾಲಿನಲ್ಲಿ ಮಾವ, ಅವರಿಗೂ ಈಗ ಎಂಬತ್ತರ ಹತ್ತಿರ. ಸುತ್ತಲಿನ ಹುಡುಗರಿಗೆ ಅಜ್ಜನ ಕಾಲದ ಕತೆ ಹೇಳಿ ನಗಿಸುತ್ತಿದ್ದರು. "ಮಾವನದ್ದು ಎಣ್ಣೆಸ್ನಾನ ಅಂದ್ರೆ ಒಂದು ಗಂಟೆ. ಬೀಗದ ಕೈ ಹೊರಗೆ ಮೊಳೆಯಲ್ಲಿ ನೇತಾಡ್ತಿತ್ತು. ಫ್ರೆಂಡ್‌ಗೆ ಒಂದು ಬಾವಲಿ ಹೊಡೆದು ತೋರಿಸ್ತೇನೆ ಅಂತ ತೋಟೆ ಹಾಕಿದೆ. ಅಷ್ಟರಲ್ಲಿ ಬಚ್ಚಲಿನಲ್ಲಿ ಕೆಮ್ಮಿದರಲ್ಲ! ಹಾಗೇ ತಂದು ಕಪಾಟಿನಲ್ಲಿಟ್ಟೆ. ತೆಗೀಲಿಕ್ಕೆ ಮರ್ತೇ ಹೋಯ್ತು ಮಾರಾಯ."

ಹುಡುಗರು ನಕ್ಕರು. ನಾನು ಎಲೆಯ ಮೇಲಿಂದ ಮುಂದೆ ಬಾಗಿ ಕೇಳಿದೆ.

"ಅಜ್ಜನಿಗೆ ಹೇಳಿದ್ರಾ ಮಾವ, ಆಮೇಲಾದ್ರೂ?"

"ಎಂತಕ್ಕೆ? ಅವರೇ ಒಪ್ಪಿಕೊಂಡಿದ್ರಲ್ಲ," ಎಂದು ಮಾವ ಪಾಯಸಕ್ಕೆ ಕೈ ತೋರಿಸಿದರು.

ಕೋವಿಗಳು ಹೋದದ್ದಕ್ಕೆ ನನಗೆ ದುಃಖವಿಲ್ಲ. ವಯಸ್ಸಾದವರ ಕೈಯಿಂದ ಒಂದು ದಿನ ಅವು ಹೋಗಲೇಬೇಕಿತ್ತು, ಅಜ್ಜನಿಗೂ ಅದು ಗೊತ್ತಿತ್ತು. ಆದರೆ ಇನ್ನೂ ಸರಿಯಾಗಿಯೇ ಇದ್ದ ಮನುಷ್ಯ, ತನ್ನ ತಲೆ ಕೆಟ್ಟಿತು ಎಂದು ನಂಬಿ ಮೂರು ವರ್ಷ ಬದುಕಿದರು. ಹಾಗೆ ನಂಬಿಕೊಂಡೇ ಸತ್ತರು. ಆ ಮೂರು ವರ್ಷವನ್ನು ಮಾವನ ಹತ್ತಿರ ಯಾರು ಕೇಳುವುದು? ನಾನು ಎಲೆ ಮಡಚಿ ಎದ್ದೆ. ಕೈ ತೊಳೆಯುವಲ್ಲಿ ಯಾರೋ, ಊಟ ಚೆನ್ನಾಗಿತ್ತಾ ಎಂದು ಕೇಳಿದರು.