ಗೌರಿಯ ಮನೆ ನೋಡೋ ಶಾಸ್ತ್ರ

ಆಗೆಲ್ಲ ಕೊಪ್ಪದಲ್ಲಿ ಆಲೆಮನೆಯ ಒಲೆ ಹೊತ್ತಿತೆಂದರೆ ನಮಗೆ ಅನ್ನದ ಮೇಲೆ ಪರಮ ವೈರಾಗ್ಯ ಹುಟ್ಟುತ್ತಿತ್ತು. ನಾನೂ ಗೌರಿಯೂ ಕಬ್ಬಿನ ತುಂಡಿಗೆ ಬಿಸಿ ಪಾಕ ಸುತ್ತಿ ತಿಂದು, ಬಾಯಿ ಸುಟ್ಟುಕೊಂಡು, ಸುಟ್ಟೇ ಇಲ್ಲವೆಂದು ಆಣೆ ಇಡುತ್ತಿದ್ದೆವು. ಗೌರಿಗೆ ಅಪ್ಪ ಅಮ್ಮ ಇರಲಿಲ್ಲ. ನಮ್ಮ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವ ಕೆಲಸದಲ್ಲಿದ್ದ ಅವಳ ಚಿಕ್ಕಮ್ಮನೇ ಸಾಕಿದ್ದಳು.

ಆ ವರ್ಷ ಮಂಗಳೂರು ಕಡೆಯವನೆಂದು ಒಬ್ಬ ಬಂದ. ಬಿಳಿ ಪ್ಯಾಂಟು, ಬೆಲ್ಲದ ವಾಸನೆಯನ್ನೂ ಸೋಲಿಸುವ ಸೆಂಟು. ಗೌರಿಗೆ ದೊಡ್ಡವರ ಮನೆಯಲ್ಲಿ ಮಗು ಆಡಿಸುವ ಕೆಲಸ, ಊಟ, ಬಟ್ಟೆ, ಸ್ಕೂಲು ಎಲ್ಲ ಅಂದ. ಚಿಕ್ಕಮ್ಮ ಒಪ್ಪಿದಳು.

"ನಾನು ಸಮುದ್ರ ನೋಡ್ತೀನಿ ಕಣ್ಲಾ. ನೀನಿಲ್ಲೇ ಕೆರೆ ನೋಡ್ಕಂಡಿರು" ಎಂದು ಗೌರಿ ಮೆರೆದಳು. ನನಗೆ ಪಾಕ ಮೊದಲ ಸಲ ಸಪ್ಪೆಯೆನಿಸಿತು.

ಮಾರನೆಯ ದಿನ ಅವಳು ಬಟ್ಟೆಗಂಟು ಹಿಡಿದು ನಿಂತಾಗ, ನಮ್ಮಜ್ಜಿ ಎಲೆಅಡಿಕೆ ಮೆಲ್ಲುತ್ತ ಆತನನ್ನು ಕೂರಿಸಿ ಬಿಸಿ ಬೆಲ್ಲ ಕೊಟ್ಟಳು.

"ಮನೆ ನೋಡಕ್ಕೆ ಯಾವತ್ತು ಬರಾನಪ್ಪ?"

"ಇದು ಮದುವೆ ಅಲ್ಲ ಅಮ್ಮ, ಕೆಲಸ."

"ಹೆಣ್ಣು ಹೊಸ್ಲು ದಾಟ್ತದಲ್ಲಪ್ಪ! ದಾಟೋಕ್ ಮುಂಚೆ ನಾವು ಮನೆ ನೋಡೋದು ಪದ್ಧತಿ. ಒಲೆ ನೋಡ್ತೀವಿ, ಬಾವಿ ನೋಡ್ತೀವಿ, ನಮ್ ಗೌರಿ ಮಲಗೋ ಜಾಗ ನೋಡ್ತೀವಿ. ಒಂದು ಟೆಂಪೋ ಜನ ಆಯ್ತೀವಿ, ಅಷ್ಟೇಯ. ಉಪ್ಪಿಟ್ಟು ಮಾಡ್ಸುದ್ರೆ ಸಾಕು."

ಆಲೆಮನೆಯ ಹೆಂಗಸರು ಆಗಲೇ ಸೀರೆ ಬದಲಾಯಿಸಲು ಓಡಿದ್ದರು. ವಿಳಾಸ ಬರೆಸಿ ತರುತ್ತೇನೆಂದು ಆತ ಬಸ್ಸಿನ ಕಡೆ ಹೋದ. ಆ ವಿಳಾಸ ಇನ್ನೂ ಬರಬೇಕು.

ಗೌರಿ ಅಜ್ಜಿಯ ಜೊತೆ ಮಾತು ಬಿಟ್ಟಳು. ಅಜ್ಜಿ ತಲೆ ಸವರಿ, "ಮುನಿಸ್ಕೊ ಮಗ. ಇಲ್ಲೇ ಇದ್ಕಂಡು ಮುನಿಸ್ಕೊ" ಎಂದಳು.

ಪಕ್ಕದೂರಿನಿಂದ ಹಾಗೆಯೇ ಹೋದ ಹುಡುಗಿಯೊಬ್ಬಳನ್ನು ಮಾರಿಬಿಟ್ಟಿದ್ದರೆಂಬ ಸುದ್ದಿ ಆಮೇಲೆ ಬಂತು. ಅವತ್ತು ಗೌರಿ ತಾನಾಗಿಯೇ ಬಂದು ಅಜ್ಜಿಯ ಎಲೆಗೆ ಸುಣ್ಣ ಸವರಿಕೊಟ್ಟಳು.

ಮೊನ್ನೆ ಗಂಡನ ಊರು ಸೋಮನಹಳ್ಳಿಯಿಂದ ಗೌರಿ ಫೋನು ಮಾಡಿದ್ದಳು. ಮಗಳಿಗೆ ಕರಾವಳಿಯಲ್ಲಿ ಕೆಲಸವಂತೆ. ಕರೆದವರ ಮುಖ ಕಂಡವರಿಲ್ಲ, ಬರೀ ವಾಟ್ಸಾಪು.

"ಮನೆ ನೋಡಕ್ಕೆ ಬತ್ತೀಯೇನ್ಲಾ? ಸಮುದ್ರಾನೂ ನೋಡ್ದಂಗಾಯ್ತದೆ."

ಆಲೆಮನೆ ಇಲ್ಲ, ಅಜ್ಜಿಯೂ ಇಲ್ಲ. ಶಾಸ್ತ್ರಕ್ಕೆ ಕೊರತೆಯಾಗದಂತೆ ಗೌರಿ ಎಲೆಅಡಿಕೆ ಕಟ್ಟಿಕೊಂಡಿದ್ದಾಳೆ. ಅವತ್ತು ಟೆಂಪೋ ಸಾಲದಷ್ಟು ಜನ ಸೀರೆ ಉಟ್ಟು ನಿಂತಿದ್ದರು. ನಾಳೆಗೆ ಬಸ್ಸಿನಲ್ಲಿ ಎರಡು ಸೀಟು ಸಾಕು.