ಹೆರೀಲಾರದ ಬಂಪರು

ಕಾರಿನ ಬಂಪರಿಗೆ ಗೀರು ಬಿದ್ರ ಮನುಷ್ಯಾ ಮಾಡೂ ಮೊದಲನೇ ಕೆಲಸ ಏನ ಹೇಳ್ರಿ? ಹೆಬ್ಬಟ್ಟಿಗೆ ಉಗುಳು ಹಚ್ಚಿ ತಿಕ್ಕೂದು. ಡಾಕ್ಟರಿರಲಿ, ಮಾಸ್ತರಿರಲಿ, ಎಲ್ಲಾರದೂ ಇದ ಪ್ರಥಮ ಚಿಕಿತ್ಸೆ. ಉಗುಳಿಗೆ ಗೀರು ಹೋಗಂಗಿಲ್ಲ ಅಂತ ಗೊತ್ತಿದ್ದೂ ತಿಕ್ಕತೀವಿ. ಹಸಿ ಇರೂತನಕ ಕಾಣಂಗಿಲ್ಲಲ್ಲ, ಅಷ್ಟ ಸಮಾಧಾನ.

ಎಂಬತ್ತರ ದಶಕದ ಕೊನಿಗೆ ಆನೆಗೊಂದಿ ದಾರ್ಯಾಗ ನಾನೂ ಹಂಗ ಕುಕ್ಕರಗಾಲಿಲೆ ಕುಂತು ತಿಕ್ಕಿದಾಕಿನ. ಗಂಗಾವತ್ಯಾಗ ಭತ್ತದ ವ್ಯಾಪಾರ ಮಾಡತಿದ್ದ ನಮ್ಮಪ್ಪ ಆಗಷ್ಟ ಸಣ್ಣ ಕಾರು ತಂದಿದ್ರು. ಹಳೇ ಜೀಪಿಗೆ ಕಬ್ಬಿಣದ ಬಂಪರಿತ್ತು, ಇದಕ್ಕ ಕರೀ ಪ್ಲಾಸ್ಟಿಕ್ಕಿಂದು. ಮುಂದ ಬುಟ್ಟಿ ಕಟ್ಟ್ಯಾರ ಅಂತ ಅವ್ವ ನಗತಿದ್ಲು. ಬಿ.ಎ. ಮುಗಿಸಿ ಮನ್ಯಾಗ ಕುಂತಿದ್ದ ನನಗ, ಅವ್ವ ಬ್ಯಾಡಂದ್ರೂ, ಅಪ್ಪ ಕಾರು ಹೊಡಿಯೂದು ಕಲಿಸಿದ್ರು. ಅವ್ವಂದೊಂದು ಶರತ್ತು: ಒಮ್ಮಿ ಎಲ್ಲೆರೆ ಬಡಸಿದ್ರ ಕೀಲಿಕೈ ಆಕಿ ಸೆರಗಿನ ಗಂಟಿಗೆ, ಮುಂದ ಈ ಹುಡುಗಿ ಕಾರು ಮುಟ್ಟಂಗಿಲ್ಲ. ಅಪ್ಪನೂ ಹ್ಞೂಂ ಅಂದಿದ್ರು. ಅವರು ರಾಯಚೂರಿಗೆ ಹೋದ ದಿನಾನ ನಾ ಬಂಡಗಲ್ಲಿಗೆ ಬಂಪರು ಉಜ್ಜಿ ಒಂದು ಗೇಣು ಬಿಳೀ ಗೀರು ಎಳದೆ.

ಮನಿಗೆ ಬಂದು, ಕಿಟಕಿ ಸಳಿಗೆ ಹಚ್ಚಿ ಉಳಿದ ಕರೀ ಬಣ್ಣದ ಡಬ್ಬಿ ತಗದೆ. ಬಣ್ಣದ ವಿದ್ಯಾದಾಗ ನನ್ನ ಪಾಂಡಿತ್ಯ ಅಂದ್ರ ಕಾರಹುಣ್ಣಿಮಿಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚೂದನ್ನ ನೋಡಿದ್ದೊಂದ. ಕೊಂಬು ಮಿಂಚಲಿ ಅಂತ ಎಣ್ಣಿ ಸವರೂದು ನೋಡಿದ್ದೆ. ಮೊದಲ ಸವರತಾರೋ ಕಡೀಕೋ, ಅದನ್ನ ನೋಡಿದ್ದಿಲ್ಲ. ಶಾಸ್ತ್ರೋಕ್ತವಾಗಿ ಬಂಪರಿಗೆ ಕೊಬ್ಬರಿ ಎಣ್ಣಿ ತಿಕ್ಕಿ, ಮ್ಯಾಲ ಬಣ್ಣ ಬಳದೆ. ಮರುದಿನದ ಬಿಸಿಲಿಗೆ ಅದು ಕಾಸಿದ ಹಾಲಿನ ಕೆನಿ ಹಂಗ ಸುಕ್ಕುಗಟ್ಟಿ, ಬಟ್ಟಿಲೆ ಮುಟ್ಟಿದ್ರ ಅಂಗೈಯಗಲ ಕಿತ್ತ ಬಂತು.

ನಮ್ಮ ಎತ್ತು ನೋಡಿಕೊಳ್ಳೂ ಯಮನಪ್ಪಜ್ಜ ಬಂದು ನಿಂತು ನೋಡಿದ. “ಮೊದಲ ಉಜ್ಜಿ ಹೆರೀಲಾರದ ಬಣ್ಣ ಕೊಂಬಿಗೇ ಕುಂದ್ರಂಗಿಲ್ಲ ಯವ್ವಾ, ಇದಕ್ಕ ಕುಂತೀತ?”

ಒಂದು ಗೀರು ಮುಚ್ಚಾಕ ಸಾವಿರ ಗೀರು ಹಾಕಬೇಕನ್ನೂದು ನನ್ನ ಬಿ.ಎ. ಬುದ್ಧಿಗೆ ಒಪ್ಪಲಿಲ್ಲ. ಆದ್ರೂ ಬಟ್ಟಿ ಒಗಿಯೂ ಸೋಡಾದ ನೀರಿಲೆ ಎಣ್ಣಿ ತೊಳದು, ಪಾಲಿಶ್ ಪೇಪರ್ ಹಿಡಿದು ಕುಂತೆ. ಮಧ್ಯಾಹ್ನದೊಳಗ ಇಡೀ ಬಂಪರು ವಿಭೂತಿ ಬಡಕೊಂಡಂಗ ಬೂದಿ ಬಣ್ಣಕ್ಕ ಬಂತು. ಮತ್ತ ಬಣ್ಣದ ಡಬ್ಬಿ ಮುಚ್ಚಳ ತಗೀಬೇಕು ಅನ್ನೂದರಾಗ ಅಪ್ಪ ಬಂದ್ರು.

ಎತ್ತು ಕೊಂಬಿಲೆ ತಿಕ್ಕೇತಿ ಅಂತ ಹೇಳ್ತೀನಿ, ನೀ ಸುಮ್ನಿರು ಅಂತ ಅಜ್ಜ ಪಿಸುಗುಟ್ಟಿದ. ದನದ ಹಟ್ಟಿ ಕಡೆ ನೋಡಿದೆ. ಆ ಬಡಪಾಯಿ ಎತ್ತು ಮೆಲಕು ಹಾಕ್ಕೋತ ನನ್ನ ಕಡೇನ ನೋಡತಿತ್ತು.

“ಅಪ್ಪಾ, ನಾನ ಬಡಸೀನ್ರಿ.”

ಅಪ್ಪ ಚಷ್ಮಾ ಏರಿಸಿ ಬಗ್ಗಿದ್ರು. “ಎಲ್ಲಿ?”

ನಾನೂ ಬಗ್ಗಿದೆ. ಎಡಕ್ಕ ನೋಡಿದೆ, ಬಲಕ್ಕ ನೋಡಿದೆ. ಹೆರದ ಹೆರದು ಗೀರು ಯಾವಾಗೋ ಹೋಗಿತ್ತು. ಒಪ್ಪಿಕೊಂಡ ತಪ್ಪು ತೋರಸಾಕ ಜಾಗಾನ ಇದ್ದಿಲ್ಲ.

ಬಾಗಲದಾಗ ಅವ್ವ ಸೆರಗು ಹಿಡಕೊಂಡ ನಿಂತಿದ್ಲು. ಅಪ್ಪ ಎದ್ದು ಕೈ ಝಾಡಿಸಿ ಆಕಿಗೆ ಹೇಳಿದ್ರು: “ಗೀರು ಸಿಗವಲ್ತು. ಸಿಕ್ಕ ದಿನ ಕೀಲಿಕೈ ಇಸಗೋ.”

ಮೊನ್ನೆ ನನ್ನ ಸೊಸಿ ಕಾರು ತಂದು ಅಂಗಳದಾಗ ನಿಲ್ಲಿಸಿ, ಸೀದಾ ಒಳಗ ಹ್ವಾದ್ಲು. ಬಂಪರಿನ ಮೂಲ್ಯಾಗ ಹೆಬ್ಬಟ್ಟಿನಷ್ಟು ಜಾಗಾ ಇನ್ನೂ ಹಸಿ ಇತ್ತು. ನಾ ಚಷ್ಮಾ ತಗದಿಟ್ಟು ಹುಡುಕಿದೆ. ಎಷ್ಟ ಹುಡುಕಿದ್ರೂ ಏನೂ ಸಿಗವಲ್ತು ನೋಡ್ರಿ.